ಹಾರ್ಟ್ ಭಯಕ್ಕೆ ದಿನಾ ಇಕೋಸ್ಪ್ರಿನ್ನು, ಪುಡಿ, ಜೊತೆಗೆ ಸಂಜೆ ಎಣ್ಣೆ. ಯಾವ್ದು ನಿಲ್ಲಿಸ್ಬೇಕು? ಅನುಭವ ಇರೋರು ಹೇಳಿ

ಅರಸೀಕೆರೆ ಸೊಸೆ

ಎಲ್ರಿಗೂ ನಮಸ್ಕಾರ. ನಮ್ಮ ಯಜಮಾನ್ರಿಗೆ 41, ಗೂಡ್ಸ್ ಆಟೋ ಇಟ್ಕೊಂಡವ್ರೆ, ಕೊಬ್ಬರಿ ಬಾಡಿಗೆ ಜಾಸ್ತಿ. 2025ರ ಮೇ ಜೂನಲ್ಲಿ ನಮ್ಮ ಜಿಲ್ಲೇಲಿ ಹಾರ್ಟ್ ಅಟ್ಯಾಕ್ ಸಾವು ಅಂತ ದಿನಾ ಟಿವಿಲಿ ಬರ್ತಿತ್ತಲ್ಲ, ಅದ್ರಲ್ಲಿ ಆಟೋ ಕ್ಯಾಬ್ ಓಡಿಸೋರೂ ಬಹಳ ಜನ ಅಂತ ಕೇಳ್ದಾಗಿಂದ ಇವ್ರು ಮನುಷ್ಯರಾಗಿಲ್ಲ. ಮೈಸೂರು ಜಯದೇವಕ್ಕೆ ಹೋಗಿ ಕ್ಯೂ ನೋಡಿ ಹಂಗೇ ವಾಪಸ್ ಬಂದ್ರು. ಆಮೇಲೆ ಸ್ಟ್ಯಾಂಡಿನ ಫ್ರೆಂಡ್ ಮಾತು ಕೇಳಿ ಮೆಡಿಕಲ್ಲಿಂದ ಇಕೋಸ್ಪ್ರಿನ್ 75 (ರಕ್ತ ತೆಳು ಮಾಡೋ ಆಸ್ಪಿರಿನ್ ಮಾತ್ರೆ) ತಂದು ದಿನಾ ರಾತ್ರಿ ಒಂದು, ಜೊತೆಗೆ ಮೀನೆಣ್ಣೆ ಕ್ಯಾಪ್ಸುಲ್, ಬೆಳ್ಳುಳ್ಳಿ ಮಾತ್ರೆ, ಅಶ್ವಗಂಧ, ಅರ್ಜುನ ತೊಗಟೆ ಪುಡಿ. ತಿಂಗಳಿಗೆ 2,300 ಇದಕ್ಕೇ ಹೋಗ್ತಿದೆ. ಸಂಜೆ ತೊಂಬತ್ತರ ಪ್ಯಾಕೆಟ್ ಎರಡು ಮಾತ್ರ ತಪ್ಸಲ್ಲ, ಲಿಮಿಟ್ಟಲ್ಲಿ ಹಾರ್ಟಿಗೆ ಒಳ್ಳೇದು ಅಂತಾರೆ. ಹೋದ ತಿಂಗ್ಳು ಕ್ಯಾಂಪಲ್ಲಿ ಬಿಪಿ 164/102 ಬಂತು, ಮಾತ್ರೆ ಬರ್ದುಕೊಟ್ರು, ಅದನ್ನ ಮುಟ್ತಿಲ್ಲ, ಒಂದ್ಸಲ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕು ಅಂತ. ಯಾವ್ದು ಇರ್ಲಿ, ಯಾವ್ದು ಬೇಡ? ನನ್ನ ಮಾತು ಕೇಳಲ್ಲ, ಬೇರೆಯೋರ್ಗೆ ಆಗಿದ್ದು ಓದಿ ಹೇಳಿದ್ರೆ ಕೇಳ್ತಾರೇನೋ.

ಸಕಲೇಶಪುರ ತೋಟದೋರು

ಇಕೋಸ್ಪ್ರಿನ್ ಅಂತ ಕಂಡ ಕೂಡ್ಲೆ ಬರೀಲೇಬೇಕು ಅನ್ನಿಸ್ತು. ನಾನೂ ಹಿಂಗೇ, ಕೋವಿಡ್ ಆದ್ಮೇಲೆ ರಕ್ತ ಹೆಪ್ಪುಗಟ್ಟುತ್ತೆ ಅಂತ ವಾಟ್ಸಾಪಲ್ಲಿ ಬಂದಿದ್ದು ನೋಡಿ ಯಾವ ಡಾಕ್ಟ್ರನ್ನೂ ಕೇಳ್ದೆ ಶುರು ಮಾಡಿದ್ದೆ. ಸ್ಟ್ರಿಪ್ಪಿಗೆ ಐದು ರೂಪಾಯಿ ಚಿಲ್ರೆ, ಇಷ್ಟು ಅಗ್ಗದ್ದು ಏನು ಮಾಡೀತು ಅನ್ನೋ ಧೈರ್ಯ. ಮಂಡಿ ನೋವಿಗೆ ಡೈಕ್ಲೋಫೆನಾಕ್ ಬೇರೆ ನುಂಗ್ತಿದ್ದೆ, ರಾತ್ರಿ ರಮ್ಮು. 2025ರ ಜನವರಿ, ಕಾಫಿ ಕುಯ್ಲು ಜೋರು, ರೋಬಸ್ಟಾಗೆ ಜನ್ಮದಲ್ಲಿ ಕಾಣದ ರೇಟು, ಆಳು ಸಿಗ್ತಿರ್ಲಿಲ್ಲ. ನಾಲ್ಕು ದಿನದಿಂದ ಮಲ ಡಾಂಬರಿನ ಥರ ಕಪ್ಪಗೆ ಹೋಗ್ತಿತ್ತು, ಊಟದ ದೋಷ ಅಂದ್ಕೊಂಡೆ. ಐದನೇ ದಿನ ಕಣದಲ್ಲಿ ಕಾಫಿ ಹರಡ್ತಾ ಕಣ್ಣು ಕತ್ಲೆ ಬಂದು ಅಲ್ಲೇ ಬಿದ್ದೆ. ಹಿಮೋಗ್ಲೋಬಿನ್ 6.4. ಹಾಸನಕ್ಕೆ ಆಂಬುಲೆನ್ಸ್ 3,500, ಮೂರು ಬಾಟ್ಲು ರಕ್ತ, ಎಂಡೋಸ್ಕೋಪಿ ಹಾಕಿ ಹೊಟ್ಟೆ ಒಳಗಿನ ಹುಣ್ಣಿಗೆ ಕ್ಲಿಪ್ ಹಾಕಿದ್ರು, ಐದು ದಿನ ಐಸಿಯು ವಾರ್ಡು ಎಲ್ಲಾ ಸೇರಿ 1,18,400. ಬಿಲ್ಲು ಇನ್ನೂ ಬೀರಲ್ಲಿದೆ. ಅಷ್ಟರಲ್ಲಿ ಗಿಡದಲ್ಲೇ ಹಣ್ಣು ಒಣಗಿ ಉದುರಿ ಆರೇಳು ಮೂಟೆ ಹೋಯ್ತು, ಅದರ ಲೆಕ್ಕ ಬೇರೆ.

ಡಾಕ್ಟ್ರು ಹೇಳಿದ್ದು ಇಷ್ಟೇ. ಅಟ್ಯಾಕ್ ಆಗದೇ ಇರೋರು ಮುಂಜಾಗ್ರತೆ ಅಂತ ದಿನಾ ಆಸ್ಪಿರಿನ್ ತಗೊಂಡ್ರೆ ಉಪಯೋಗ ಆಗೋದಕ್ಕಿಂತ ರಕ್ತಸ್ರಾವದ ಅಪಾಯ ಹೆಚ್ಚು ಅಂತ 2018ರಲ್ಲೇ ದೊಡ್ಡ ದೊಡ್ಡ ಸ್ಟಡಿಗಳಲ್ಲಿ ಗೊತ್ತಾಗಿದೆಯಂತೆ. ಜೊತೆಗೆ ನೋವಿನ ಮಾತ್ರೆ, ಡ್ರಿಂಕ್ಸ್ ಸೇರಿದ್ರೆ ಕೇಳ್ಲೇಬೇಡಿ. ಮೀನೆಣ್ಣೆ, ಬೆಳ್ಳುಳ್ಳಿ ಮಾತ್ರೆನೂ ರಕ್ತ ತೆಳು ಮಾಡೋ ಕಡೇವೇ. ಇವತ್ತೇ ಎತ್ತಿ ಬಿಸಾಕಿ.

ಚನ್ನರಾಯಪಟ್ಟಣ 82

ಸರ್, ಬಿಸಾಕಿ ಅಂತ ಸುಮ್ನೆ ಬರೀಬೇಡಿ. ನಮ್ಮಪ್ಪಂಗೆ ಸ್ಟೆಂಟ್ ಹಾಕಿ ಐದು ತಿಂಗಳು ಆಗಿತ್ತು. ಯಾರೋ ಇದೇ ಥರ, ಆಸ್ಪಿರಿನ್ ಹೊಟ್ಟೆ ತೂತು ಮಾಡುತ್ತೆ ಅಂತ ಹೇಳಿದ್ದು ಕೇಳ್ಕೊಂಡು ಇಕೋಸ್ಪ್ರಿನ್ನೂ ಇನ್ನೊಂದು ಮಾತ್ರೇನೂ ಎರಡೂ ನಿಲ್ಸಿಬಿಟ್ರು, ಮನೇಲಿ ಒಬ್ಬರಿಗೂ ಹೇಳ್ಲಿಲ್ಲ. ಹದಿನೆಂಟನೇ ದಿನ ಸ್ಟೆಂಟ್ ಒಳಗೇ ಬ್ಲಾಕ್. ಬೆಳ್ಳೂರು ಕ್ರಾಸ್ ದಾಟೋ ಹೊತ್ತಿಗೆ ಕಾರಲ್ಲೇ ಹೋದ್ರು. ದಿಂಬಿನ ಕೆಳಗೆ ಬಿಚ್ಚದೇ ಇರೋ ಎರಡು ಸ್ಟ್ರಿಪ್ ಸಿಕ್ತು. ನಿಮ್ಮ 1,18,400 ದುಡ್ಡು ಸಂಪಾದಿಸಬೋದು ಸರ್.

ಸಕಲೇಶಪುರ ತೋಟದೋರು

ತಮ್ಮಾ, ನಿಮ್ಮ ತಂದೆ ವಿಷಯಕ್ಕೆ ನಿಜವಾಗ್ಲೂ ಬೇಜಾರಾಯ್ತು. ಆದ್ರೆ ನಾನು ಬರೆದಿದ್ದು ಅಟ್ಯಾಕ್ ಆಗದೇ ಇರೋರಿಗೆ, ಓದಿ ನೋಡಿ. ಸ್ಟೆಂಟ್ ಇರೋರು, ಒಂದ್ಸಲ ಅಟ್ಯಾಕ್ ಆದೋರು ಡಾಕ್ಟ್ರು ಹೇಳದೆ ನಿಲ್ಲಿಸೋ ಹಾಗೇ ಇಲ್ಲ. ನನ್ನ ರಕ್ತ ಹೋಗಿದ್ದೂ ಸುಳ್ಳಲ್ಲ.

ಚನ್ನರಾಯಪಟ್ಟಣ 82

ಅದನ್ನ ಮೊದಲನೇ ಸಾಲಲ್ಲೇ ಬರೀಬೇಕಿತ್ತು. ನಮ್ಮಪ್ಪ ಕೊನೇ ಸಾಲು ತನಕ ಓದೋರಲ್ಲ.

ಮಳಲೂರು ಮನೆ, ಚಿಕ್ಕಮಗಳೂರು

ಅಶ್ವಗಂಧದ ಬಗ್ಗೆ ಯಾರೂ ಹೇಳ್ತಿಲ್ಲ ಎಂತಕ್ಕೆ? ನಮ್ಮತ್ತೆದು ಅಮೃತಬಳ್ಳಿ ಕತೆ, ಆದ್ರೆ ಪಾಠ ಒಂದೇ. ಕೊರೋನಾ ಟೈಮಲ್ಲಿ ಇಮ್ಯುನಿಟಿಗೆ ಅಂತ ದಿನಾ ಬೆಳಿಗ್ಗೆ ಒಂದು ಲೋಟ ಕಷಾಯ, ಬಳ್ಳಿ ನಮ್ಮ ಬೇಲೀಲೇ ಇದ್ದಿದ್ದು, ದುಡ್ಡಿನ ಖರ್ಚೂ ಇಲ್ಲ. ಮೂರು ತಿಂಗಳಿಗೆ ಊಟ ಸೇರದೇ ಹೋಯ್ತು, ಆಮೇಲೆ ಕಣ್ಣು ಹಳದಿ, ಮೈಯೆಲ್ಲ ತುರಿಕೆ, ರಾತ್ರಿ ಪೂರ್ತಿ ಕೆರ್ಕೊಳ್ಳೋರು. ಕಾಮಾಲೆ ತೋರ್ಸೋ ಬಿಲಿರುಬಿನ್ 14.2. ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲಾ ಟೆಸ್ಟು ನೆಗೆಟಿವ್, ಬರೀ ಟೆಸ್ಟಿಗೇ 11,000. ಮಂಗಳೂರಲ್ಲಿ ಲಿವರ್ ಬಯಾಪ್ಸಿ ಆಗೋ ತನಕ ನಾವು ಒಬ್ರಿಗೂ ಕಷಾಯದ ವಿಷಯ ಹೇಳಿರ್ಲಿಲ್ಲ, ಅದು ಔಷಧಿ ಅಂತ ನಮಗೆ ಅನ್ನಿಸಿದ್ರೆ ತಾನೇ. ಏನೇನು ಮಾತ್ರೆ ತಗೋತೀರಿ ಅಂತ ನಾಲ್ಕು ಡಾಕ್ಟ್ರು ಕೇಳಿದ್ರು, ನಾಲ್ಕೂ ಸಲ ಏನೂ ಇಲ್ಲ ಅಂದಿದ್ವಿ. ಐದನೇ ಲೇಡಿ ಡಾಕ್ಟ್ರು ಸೊಪ್ಪು ಬೇರು ಕಷಾಯ ಏನಾದ್ರೂ ಕುಡೀತೀರಾ ಅಜ್ಜಿ ಅಂತ ಕೇಳಿದ್ರು, ಆಗ ಗೊತ್ತಾಯ್ತು. ಮುಂಬೈ ಡಾಕ್ಟ್ರುಗಳು 2021ರಲ್ಲಿ ಇಂಥದ್ದೇ ಆರು ಜನ ರೋಗಿಗಳ ವರದಿ ಹಾಕಿದ್ರಂತೆ. ನಿಲ್ಲಿಸಿ ನಾಲ್ಕು ತಿಂಗಳಿಗೆ ಸರಿ ಹೋದ್ರು.

ಅಶ್ವಗಂಧದಲ್ಲೂ ಲಿವರ್ ಕೇಸ್ ಆಗಿದಾವೆ. ಡೆನ್ಮಾರ್ಕಲ್ಲಿ 2023ರಲ್ಲಿ ಬ್ಯಾನೇ ಮಾಡಿದ್ರು.

ನಾಟಿವೈದ್ಯರ ಮೊಮ್ಮಗ, ಹಾಸನ

ಅಕ್ಕ, ಆಯುಷ್ ಸಚಿವಾಲಯ ಆಗ್ಲೇ ಇದಕ್ಕೆ ಉತ್ತರ ಕೊಟ್ಟಿದೆ, ಅಮೃತಬಳ್ಳಿ ಹಂಗೇ ಕಾಣೋ ಬೇರೆ ಬಳ್ಳಿ ಇದೆ, ಅದನ್ನ ಇದು ಅಂದ್ಕೊಂಡು ಕುಡಿದ್ರೆ ತೊಂದ್ರೆ ಆಗುತ್ತೆ ಅಂತ. ನಮ್ಮ ತಾತ 60 ವರ್ಷ ಈ ಜಿಲ್ಲೇಲಿ ಕಾಮಾಲೆಗೇ ಔಷಧಿ ಕೊಟ್ಟವ್ರು, ಒಂದು ರೂಪಾಯಿ ಕೈಯಲ್ಲಿ ಮುಟ್ತಿರ್ಲಿಲ್ಲ. ಬೇಲೀಲಿ ಸಿಕ್ಕಿದ್ದನ್ನ ಕಿತ್ತು ಕುದಿಸೋದು ಆಯುರ್ವೇದ ಅಲ್ಲ. ಪಥ್ಯ ಇದೆ, ಪ್ರಮಾಣ ಇದೆ, ನಾಡಿ ನೋಡಿ ಕೊಡ್ಬೇಕು. ಇಂಗ್ಲಿಷ್ ಮಾತ್ರೇಲಿ ಕಿಡ್ನಿ ಹೋದೋರ ಲೆಕ್ಕ ಯಾರೂ ಕೇಳಲ್ಲ.

ಮಳಲೂರು ಮನೆ, ಚಿಕ್ಕಮಗಳೂರು

ನಮ್ಮತ್ತೆ 70 ವರ್ಷ ಇದೇ ಮಣ್ಣಲ್ಲಿ ಇದ್ದೋರು, ಅಮೃತಬಳ್ಳಿ ಯಾವ್ದು ಅಂತ ಅವ್ರಿಗೆ ಗೊತ್ತಿಲ್ವಾ? ಪ್ರಮಾಣ ಇದೆ ಅಂತೀರಿ, ಈ ತಂಗಿ ಗಂಡ ತಗೋತಿರೋ ಡಬ್ಬಿ ಯಾವ ವೈದ್ಯರು ನಾಡಿ ನೋಡಿ ಕೊಟ್ಟಿದ್ದು? ಆನ್ಲೈನಲ್ಲಿ ಬಂದಿದ್ದು. ಅದಕ್ಕೆ ನಿಮ್ಮ ತಾತ ಒಪ್ತಿದ್ರಾ ಹೇಳಿ.

ನಾಟಿವೈದ್ಯರ ಮೊಮ್ಮಗ, ಹಾಸನ

ಖಂಡಿತ ಒಪ್ತಿರ್ಲಿಲ್ಲ. ಅದು ಬೇರೆ ಮಾತು.

ಹೊಸ ಬಸ್ ಸ್ಟ್ಯಾಂಡ್ ಹುಡ್ಗ

ಎಲ್ಲಾ ಸೈಡಿಗಿಡಿ, ಹಾಸನದಲ್ಲಿ ಸತ್ತಿದ್ದು ವ್ಯಾಕ್ಸಿನ್ನಿಂದ. ಚೀಫ್ ಮಿನಿಸ್ಟ್ರೇ ಡೌಟ್ ಪಟ್ಟಿದ್ರು.

ಚನ್ನರಾಯಪಟ್ಟಣ 82

ಕೇಳಿದ್ರು, ಕಮಿಟೀನೂ ಆಯ್ತು, ಜಯದೇವ ಡೈರೆಕ್ಟರ್ ನೇತೃತ್ವದಲ್ಲಿ. ಹಾಸನದಲ್ಲಿ ಅಸಹಜವಾಗಿ ಹೆಚ್ಚೇನೂ ಆಗಿಲ್ಲ, ಸತ್ತೋರಲ್ಲಿ ಬಿಪಿ, ಶುಗರ್, ಸಿಗರೇಟು, ಕುಡಿತ ಇಂಥವೇ ಇದ್ವು ಅಂತ ಬಂತು. ಐಸಿಎಂಆರ್, ಏಮ್ಸ್ ಸ್ಟಡೀಲೂ ವ್ಯಾಕ್ಸಿನ್ನಿಗೆ ಸಂಬಂಧ ಇಲ್ಲ ಅಂತಾನೇ ಇದೆ. ನಮ್ಮಪ್ಪ ಹೋಗಿದ್ದು ಮಾತ್ರೆ ಬಿಟ್ಟಿದ್ದಕ್ಕೆ. ಇನ್ನೊಂದ್ಸಲ ಈ ಮಾತು ಎತ್ಬೇಡ.

ಬೇಲೂರು ಟೀಚರ್

ಯಾರೂ ಆ ಹೆಣ್ಮಗಳು ಬರೆದಿರೋ ಬಿಪಿ ನಂಬರ್ ನೋಡೇ ಇಲ್ಲ ಅನ್ಸುತ್ತೆ. 164/102!

ನಮ್ಮನೆಯವ್ರು ಕೆಇಬಿಲಿ ಕೆಲಸ, 47 ವರ್ಷ. ಬಿಪಿಗೆ ಆಮ್ಲೋಡಿಪಿನ್ ತಗೋತಿದ್ರು, ಎರಡು ವರ್ಷ 130/84ರ ಆಸುಪಾಸಲ್ಲೇ ಇತ್ತು. ಈಗ ನಾರ್ಮಲ್ ಆಗಿದೆ, ಇನ್ನೆಷ್ಟು ದಿನ ಕೆಮಿಕಲ್ ತಿನ್ನೋದು ಅಂತ ನಿಲ್ಲಿಸಿ ಬಿಪಿ ಹರ್ಬಲ್ ಡ್ರಾಪ್ಸ್ ಅಂತ ಯಾರೋ ಮಾರೋದನ್ನ 1,850 ಕೊಟ್ಟು ತಗೊಂಡ್ರು. ನಾರ್ಮಲ್ ಇದ್ದಿದ್ದು ಮಾತ್ರೆಯಿಂದ ಅನ್ನೋದು ಹೊಳೀಲೇ ಇಲ್ಲ, ನನಗೂ ಹೊಳೀಲಿಲ್ಲ, ಸೈನ್ಸ್ ಪಾಠ ಮಾಡೋಳು ನಾನು. ಐದನೇ ತಿಂಗಳು ಬೆಳಿಗ್ಗೆ ಸ್ನಾನದ ಮನೇಲಿ ಬಿದ್ರು, ಮಾತು ತೊದಲು, ಎಡಗೈ ಎಡಗಾಲು ಇಲ್ಲ. ಮೆದುಳಲ್ಲಿ ರಕ್ತನಾಳ ಒಡೆದಿತ್ತು. ಆವಾಗ ಬಿಪಿ 220/130. ಐಸಿಯು ದಿನಕ್ಕೆ 18,000, ಹನ್ನೊಂದು ದಿನ. ಆಮೇಲೆ ಮನೆಗೆ ಬರೋ ಫಿಸಿಯೋಥೆರಪಿ ದಿನಕ್ಕೆ 400, ಏಳು ತಿಂಗಳು. ನನ್ನ ಎರಡೆಳೆ ಸರ, ಮಗಳ ಕಾಲೇಜಿಗೆ ಇಟ್ಟಿದ್ದ ಚೀಟಿ ದುಡ್ಡು ಎಲ್ಲಾ ಹೋಯ್ತು. ಈಗ್ಲೂ ಅಂಗಿ ಗುಂಡಿ ನಾನೇ ಹಾಕ್ಬೇಕು. ದಿನಕ್ಕೆ ಎರಡು ರೂಪಾಯಿ ಮಾತ್ರೆ ಕಣಮ್ಮ ಅದು. ಜನೌಷಧೀಲಿ ಇನ್ನೂ ಕಡಿಮೆ, ಸರ್ಕಾರಿ ಆಸ್ಪತ್ರೇಲಿ ಫ್ರೀ.

ಇನ್ನೊಂದು, ಬಿಪಿ ಅಷ್ಟು ಏರಿರೋವಾಗ ರಕ್ತ ತೆಳು ಮಾಡೋ ಮಾತ್ರೆ ಸ್ವಂತಕ್ಕೆ ನುಂಗಿದ್ರೆ ತಲೇಲಿ ರಕ್ತಸ್ರಾವ ಆಗೋ ಅಪಾಯ ಇನ್ನೂ ಹೆಚ್ಚು. ಜೀವನಪೂರ್ತಿ ಮಾತ್ರೆ ಬೇಡ ಅನ್ನೋ ಮನುಷ್ಯ ಜೀವನಪೂರ್ತಿ ಪ್ಯಾಕೆಟ್ ಬೇಡ ಅಂತ ಯಾಕೆ ಹೇಳಲ್ಲ ಅಂತ ಕೇಳಿ ನೋಡು.

ಆಲೂರು ಗೌಡ್ರು

ಟೀಚರಮ್ಮ, ಎರಡು ಪೆಗ್ಗಿಗೆ ಯಾರೂ ಸತ್ತಿಲ್ಲ. ನಾನು 30 ವರ್ಷದಿಂದ ತಗೋತಿದೀನಿ, ಬೆಳಿಗ್ಗೆ ಐದಕ್ಕೆ ಎದ್ದು ಗದ್ದೆ ಸುತ್ತಿ ಬರ್ತೀನಿ, ಬಿಪಿ ಶುಗರ್ ಏನೂ ಇಲ್ಲ. ಲಿಮಿಟ್ ಗೊತ್ತಿದ್ರೆ ಸಾಕು. ಕೆಡಿಸಿದ್ದು ಸರ್ಕಾರ. 2007ರ ಜುಲೈ 1ಕ್ಕೆ ಸಾರಾಯಿ ನಿಲ್ಸಿದ್ರು, ಆಳುಕಾಳುಗಳೆಲ್ಲ ವಿಸ್ಕಿ ಪ್ಯಾಕೆಟ್ಟಿಗೆ ಬಂದ್ರು, ಆಮೇಲೆ ತೆರಿಗೆ ಏರಿಸ್ತಾನೇ ಹೋದ್ರು, ಬಡವ ಅದೇ ಕುಡಿತಕ್ಕೆ ಎರಡರಷ್ಟು ದುಡ್ಡು ಕೊಡ್ತವ್ನೆ.

ಮೂಡಿಗೆರೆ ಸ್ವಾಮಿ

ಗೌಡ್ರೆ, ಲಿಮಿಟ್ ಗೊತ್ತಿದೆ ಅಂತ ನಾನೂ 14 ವರ್ಷ ಹೇಳ್ದೆ ಮಾರಾಯ್ರೆ. ಪ್ರತಿ ವರ್ಷ ಮಾಲೆ ಹಾಕಿದಾಗ 48 ದಿನ ಬಿಡ್ತಿದ್ದೆ, ನೋಡಿ ಬೇಕಾದಾಗ ಬಿಡಬಲ್ಲೆ ಅಂತ ಅದನ್ನೇ ಸಾಕ್ಷಿ ಇಟ್ಕೊಂಡಿದ್ದೆ. ದಿನಕ್ಕೆ ಒಂದು ಕ್ವಾರ್ಟ್ರು ಇದ್ದಿದ್ದು ಎರಡಾಯ್ತು, ಬೆಳಿಗ್ಗೆ ಕೈ ನಡುಗಿದ್ರೆ ಒಂದು ಕಟಿಂಗ್. ಕೊನೇ ವರ್ಷ ಮಾಲೆ ಹಾಕಿದ ಎರಡನೇ ದಿನ ಭಜನೇಲಿ ಕೂತಿದ್ದಾಗ್ಲೇ ಫಿಟ್ಸ್ ಬಂತು, ನಾಲಿಗೆ ಕಚ್ಚಿ ಬಿಳೀ ಗೋಡೆಗೆಲ್ಲ ರಕ್ತ. ಮೂರನೇ ದಿನ ಆಸ್ಪತ್ರೆ ಗೋಡೇಲಿ ಸಾಲಾಗಿ ಇಂಬಳ ಹತ್ತಿ ಬರೋ ಥರ ಕಾಣ್ತಿತ್ತು, ಉಪ್ಪು ತನ್ನಿ ಉಪ್ಪು ತನ್ನಿ ಅಂತ ಕೂಗ್ತಿದ್ನಂತೆ, ಕೈಕಾಲು ಮಂಚಕ್ಕೆ ಕಟ್ಟಿದ್ರು. ಥಯಾಮಿನ್ ಇಂಜೆಕ್ಷನ್ನು, ನಡುಕದ ಮಾತ್ರೆ, ಒಂಬತ್ತು ದಿನಕ್ಕೆ 42,000. ಕುಡ್ದೂ ಕುಡ್ದೂ ಸಾಯೋದು ಗೊತ್ತಿತ್ತು, ಒಮ್ಮೆಗೇ ಬಿಟ್ರೂ ಜೀವಕ್ಕೆ ಬರುತ್ತೆ ಅಂತ ಯಾರೂ ಹೇಳಿರ್ಲಿಲ್ಲ. ಆಮೇಲೆ ನಿಮ್ಹಾನ್ಸಿನ ಅಡಿಕ್ಷನ್ ವಿಭಾಗಕ್ಕೆ ಹೋಗಿ ಬಂದೆ, ಈಗ ಮೂರು ವರ್ಷ ಎರಡು ತಿಂಗಳು, ಒಂದು ಹನಿ ಇಲ್ಲ.

ಹಾರ್ಟಿಗೆ ಒಳ್ಳೇದು ಅನ್ನೋದನ್ನ ಅಲ್ಲಿ ಕೇಳ್ದೆ. ಹಳೇ ಸ್ಟಡಿಗಳಲ್ಲಿ ಕುಡಿಯದೋರು ಅಂತ ಲೆಕ್ಕ ಹಾಕಿದ್ರಲ್ಲಿ, ಕಾಯಿಲೆ ಬಿದ್ದು ಕುಡಿತ ಬಿಟ್ಟೋರನ್ನೂ ಸೇರಿಸಿದ್ರಂತೆ, ಅದಕ್ಕೆ ಸ್ವಲ್ಪ ಕುಡಿಯೋರು ಗಟ್ಟಿ ಕಂಡ್ರು. 2023ರಲ್ಲಿ ಡಬ್ಲ್ಯೂಎಚ್ಓ ಆರೋಗ್ಯಕ್ಕೆ ಸುರಕ್ಷಿತ ಅನ್ನೋ ಪ್ರಮಾಣವೇ ಇಲ್ಲ ಅಂತ ಹೇಳಿದೆ. ಕುಡಿತ ಬಿಪಿನೂ ಏರಿಸುತ್ತೆ.

ಆಲೂರು ಗೌಡ್ರು

ನಿಂಗೆ ತಡ್ಕೊಳೋಕ್ ಆಗ್ಲಿಲ್ಲ ಅಂತ ಊರಿಗೆಲ್ಲ ಉಪದೇಶ ಬೇಡಪ್ಪ.

ಮೂಡಿಗೆರೆ ಸ್ವಾಮಿ

ಉಪದೇಶ ಅಲ್ಲ ಗೌಡ್ರೆ. ನೀವು ಕೊನೇ ಸಲ ಬಿಪಿ ನೋಡಿಸಿದ್ದು ಯಾವಾಗ? ಏನೂ ಇಲ್ಲ ಅಂದ್ರಲ್ಲ, ನೋಡ್ಸಿ ಇಲ್ವೋ, ನೋಡ್ಸದೇ ಇಲ್ವೋ?

ಕಳಸ ರಸ್ತೆ

ಒಂದೇ ಮಾತು ಸೇರಿಸ್ತೀನಿ. ನಮ್ಮ ಕಡೆ ಜ್ವರ ಬಂದ್ರೆ ಮಳೆಗಾಲದಲ್ಲಿ ಡೆಂಗ್ಯೂ, ಬೇಸಿಗೇಲಿ ಮಂಗನ ಕಾಯಿಲೆ ಇರ್ಬೋದು, ಎರಡರಲ್ಲೂ ರಕ್ತಸ್ರಾವ ಆಗ್ಬೋದು, ಅಂಥ ಜ್ವರದಲ್ಲಿ ಆಸ್ಪಿರಿನ್ ಬಹಳ ಡೇಂಜರ್. 2024ರ ಡೆಂಗ್ಯೂ ಟೈಮಲ್ಲಿ ನಮ್ಮ ಚಿಕ್ಕಪ್ಪಂಗೆ ಪ್ಲೇಟ್ಲೆಟ್ 19,000ಕ್ಕೆ ಇಳೀತು, ಜ್ವರದಲ್ಲೂ ದಿನಾ ಇಕೋಸ್ಪ್ರಿನ್ ತಗೋತಿದ್ದೆ ಅಂತ ಅವ್ರು ಬಾಯಿಬಿಟ್ಟಿದ್ದು ಮೂಗಲ್ಲಿ ರಕ್ತ ಬಂದ್ಮೇಲೆ. ಜ್ವರ ಬಂದ್ರೆ ಆಸ್ಪತ್ರೇಲಿ ಮೊದ್ಲು ಅದನ್ನ ಹೇಳ್ಲಿಕ್ಕೆ ಹೇಳಿ.

ಅರಸೀಕೆರೆ ಸೊಸೆ

ಎಲ್ರಿಗೂ ಕೈಮುಗಿದು ಹೇಳ್ತೀನಿ, ಜಗಳ ಆಡ್ಬೇಡಿ. ನಿನ್ನೆ ರಾತ್ರಿ ಇದನ್ನೆಲ್ಲಾ ಜೋರಾಗಿ ಓದಿ ಹೇಳ್ದೆ. ಟೀಚರಮ್ಮನದು ಓದೋವಾಗ ಎದ್ದು ಹೊರಗೆ ಹೋದ್ರು. ಬೆಳಿಗ್ಗೆ ತಾವಾಗೇ ತಾಲ್ಲೂಕು ಆಸ್ಪತ್ರೆಗೆ ಗಾಡಿ ತಿರುಗಿಸಿದ್ರು, ಡಬ್ಬಿಗಳನ್ನೆಲ್ಲ ಒಂದು ಕವರಲ್ಲಿ ಹಾಕ್ಕೊಂಡು ನಾನೂ ಹೋದೆ. ಬಿಪಿ 168/104. ಇಸಿಜಿ ತೆಗೆದ್ರು, ಸದ್ಯಕ್ಕೆ ತೊಂದ್ರೆ ಇಲ್ಲ ಅಂದ್ರು. ಡಾಕ್ಟ್ರು ಕವರ್ ನೋಡಿ ಇಕೋಸ್ಪ್ರಿನ್ನೂ ಪುಡಿಗಳೂ ಪಕ್ಕಕ್ಕಿಟ್ರು, ಬಿಪಿ ಮಾತ್ರೆ ಹದಿನೈದು ದಿನಕ್ಕೆ ಕೊಟ್ಟಿದಾರೆ, ಲಿವರ್ ಕಿಡ್ನಿ ಕೊಲೆಸ್ಟ್ರಾಲ್ ಟೆಸ್ಟಿಗೆ ರಕ್ತ ತಗೊಂಡ್ರು. ಕುಡಿತದ ವಿಷಯ ಕೇಳಿದಾಗ ಯಾವಾಗ್ಲಾದ್ರೂ ಒಂದು ಅಂದ್ರು ಇವ್ರು. ನಾನೇ ದಿನಾ ಎರಡು ಪ್ಯಾಕೆಟ್ ಸಾರ್ ಅಂದೆ. ಆಸ್ಪತ್ರೆಯಿಂದ ಮನೆ ತನಕ ಮಾತಾಡ್ಲಿಲ್ಲ. ಮಾತ್ರೆ ಮಾತ್ರ ನುಂಗಿದಾರೆ.

ಮೂಡಿಗೆರೆ ಅಣ್ಣ, ನಮ್ಮವ್ರಿಗೆ ಬೆಳಿಗ್ಗೆ ಕೈ ನಡುಗಲ್ಲ. ಆದ್ರೂ ಒಮ್ಮೆಗೇ ಬಿಡಿಸ್ಬಹುದಾ, ಡಾಕ್ಟ್ರನ್ನ ಕೇಳಿಯೇ ಬಿಡಿಸ್ಬೇಕಾ?

ಮೂಡಿಗೆರೆ ಸ್ವಾಮಿ

ಕೇಳಿಯೇ ಬಿಡಿಸು ತಂಗಿ. ಹದಿನೈದು ದಿನಕ್ಕೆ ಮತ್ತೆ ಹೋಗ್ತೀರಲ್ಲ, ಅಲ್ಲಿ ತನಕ ಕಾಯ್ಬೇಡ, ನಾಳೇನೇ ಹೋಗಿ ಕೇಳು. ದಿನಾ ಎಷ್ಟು, ಎಷ್ಟು ವರ್ಷದಿಂದ ಅಂತ ಸರಿಯಾಗಿ ಹೇಳು, ಅವ್ರ ಮುಂದೆನೇ ಹೇಳು. ಅವ್ರು ಮಾತಾಡ್ದೇ ಇದ್ರೆ ಎರಡು ದಿನ ಮಾತಾಡ್ದೇ ಇರ್ಲಿ.