ಕೆ.ಸಿ. ವ್ಯಾಲಿ ನೀರು, ಕೋಲಾರದ ಕೆರೆಗಳು: ಪಿಎಚ್‌ಡಿ ಸಿನಾಪ್ಸಿಸ್ ಹೇಗೆ ಕಟ್ಟುವುದು?

ಬಯಲುಸೀಮೆ (ಪ್ರಶ್ನೆ)

ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಆಗಿದೆ. ನೆಟ್‌ನಲ್ಲಿ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪಿಎಚ್‌ಡಿ ಪ್ರವೇಶದ ಅರ್ಹತೆ ಮಾತ್ರ ಸಿಕ್ಕಿದೆ, ಜೆಆರ್‌ಎಫ್ (ಸಂಶೋಧನಾ ಶಿಷ್ಯವೇತನ) ಇಲ್ಲ. ಸಂದರ್ಶನಕ್ಕೆ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಒಯ್ಯಬೇಕು. ಈಗಿರುವ ಶೀರ್ಷಿಕೆ: ‘ಕೋಲಾರ ಜಿಲ್ಲೆಯ ಕೆರೆಗಳ ನೀರಿನ ಗುಣಮಟ್ಟದ ಅಧ್ಯಯನ’. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಬರುವ 20 ಕೆರೆ, ಎರಡು ವರ್ಷ, ಕೊನೆಗೆ ನೀರಿನ ಗುಣಮಟ್ಟ ಸೂಚ್ಯಂಕ ಎಂದು ಯೋಚನೆ. ಇದು ನಿಲ್ಲುತ್ತದೆಯೇ? ಎಷ್ಟು ಮಾದರಿ ಬೇಕು? ವಿಭಾಗದ ಲ್ಯಾಬ್‌ನಲ್ಲಿ ಸ್ಪೆಕ್ಟ್ರೋಫೋಟೋಮೀಟರ್, ಫ್ಲೇಮ್ ಫೋಟೋಮೀಟರ್, ಟೈಟ್ರೇಶನ್ ಸಾಮಾನು ಇವೆ, ಅಷ್ಟೇ.

ಕೋಡಿಹರಿವು

ಶೀರ್ಷಿಕೆಯಲ್ಲಿ ಪ್ರಶ್ನೆಯೇ ಇಲ್ಲ. ಗುಣಮಟ್ಟ ಅಳೆದು ಕೋಷ್ಟಕ ಹಾಕುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಸಂದರ್ಶನದಲ್ಲಿ ಮೊದಲು ಬೀಳುವ ಪೆಟ್ಟು ಇದೇ: ‘ಅಳೆದ ಮೇಲೆ ಏನು?’

ನಿಮ್ಮ ಕೈಯಲ್ಲಿರುವ ಜಾಗ ಮಾತ್ರ ಬಂಗಾರದಂಥದ್ದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಿಟ್ಟರು. ಯೋಜನೆಯ ಮೊದಲ ಹಂತದ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. ಅಲ್ಲಿಂದ ಮುಂದೆ ಒಂದು ಕೆರೆಯ ಕೋಡಿ ಬಿದ್ದು ಮುಂದಿನ ಕೆರೆಗೆ ಹರಿಯುವ ಸರಪಳಿ. ಈ ಸರಪಳಿಯನ್ನೇ ಪ್ರಯೋಗವಾಗಿ ಓದಿ. ಮೊದಲ ಕೆರೆಯಿಂದ ಎಂಟನೆಯ ಕೆರೆಗೆ ಹೋಗುವಷ್ಟರಲ್ಲಿ ರಂಜಕ, ಸಾರಜನಕ ಎಷ್ಟು ಇಳಿಯುತ್ತವೆ, ಎಲ್ಲಿ ಇಳಿಯುತ್ತವೆ, ಹೂಳಿಗೆ ಸೇರಿದ ರಂಜಕ ಬೇಸಿಗೆಯಲ್ಲಿ ಮತ್ತೆ ನೀರಿಗೆ ಬರುತ್ತದೆಯೇ? ಇದು ಪ್ರಶ್ನೆ. ಅಂತರ್ಜಲ ಎರಡನೆಯ ಪ್ರಶ್ನೆ. ಮೂರನೆಯದನ್ನು ಸೇರಿಸಬೇಡಿ.

20 ಕೆರೆ ಬೇಡ. ಒಂದೇ ಸರಪಳಿಯ 8 ಕೆರೆ, ಯೋಜನೆಯ ನೀರು ಮುಟ್ಟದ 4 ಹೋಲಿಕೆಯ ಕೆರೆ. ಹೋಲಿಕೆಯವು ಅದೇ ಬಗೆಯ ಕಲ್ಲು, ಸುಮಾರು ಅದೇ ವಿಸ್ತಾರ, ಅದೇ ಹೋಬಳಿ ಮಳೆಯವು ಆಗಿರಲಿ. ಪ್ರತಿ ಕೆರೆಯಲ್ಲಿ ನೀರು ಬರುವ ಬಾಯಿ, ನಡುಭಾಗ, ತೂಬಿನ ಹತ್ತಿರ, ಹೀಗೆ 3 ಕಡೆ. ಸುತ್ತ 3 ಬೋರ್‌ವೆಲ್. 12 ಕೆರೆಗೆ ಒಂದು ಸುತ್ತಿಗೆ 72 ಮಾದರಿ, ವರ್ಷಕ್ಕೆ 4 ಸುತ್ತು, ಎರಡು ವರ್ಷಕ್ಕೆ 576. ಅದರ ಮೇಲೆ ನೂರಕ್ಕೆ ಹತ್ತು ಜೋಡಿ ಮಾದರಿ (ಅಳತೆಯ ತಪ್ಪು ತಿಳಿಯಲು ಅದೇ ಜಾಗದ ಎರಡನೆಯ ಬಾಟಲಿ), ಅಂದರೆ ಇನ್ನೊಂದು 58. ಒಂದು ಗಾಡಿ, ಇಬ್ಬರು ಜನ ಇದ್ದರೆ ದಿನಕ್ಕೆ 3 ಕೆರೆ ಮುಗಿಯುತ್ತದೆ, ಸುತ್ತಿಗೆ 4 ದಿನ.

ಒಂದೇ ಜಾಗದಲ್ಲಿ ಮೂರು ಬಾಟಲಿ ತುಂಬಿ ಎನ್ (ಸ್ವತಂತ್ರ ಮಾದರಿಗಳ ಸಂಖ್ಯೆ) ಸಮ 3 ಎಂದು ಬರೆಯಬೇಡಿ. ಅದು ಹುಸಿ ಪುನರಾವರ್ತನೆ. ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ 1984ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ, ಪರೀಕ್ಷಕರು ಇವತ್ತಿಗೂ ಹಿಡಿಯುವುದು ಇಲ್ಲೇ. ಸರಪಳಿಯ ಕೆರೆಗಳೂ ಪರಸ್ಪರ ಸ್ವತಂತ್ರವಲ್ಲ. ಮೇಲಿನ ಕೆರೆಯ ನೀರೇ ಕೆಳಗಿನದಕ್ಕೆ ಬರುವುದು. ಹಾಗಾಗಿ ಸುಮ್ಮನೆ ಅನೋವಾ (ಗುಂಪುಗಳ ಸರಾಸರಿ ಹೋಲಿಸುವ ಪರೀಕ್ಷೆ) ಓಡಿಸದೆ, ಸರಪಳಿಯಲ್ಲಿನ ದೂರವನ್ನು ಚರವಾಗಿಟ್ಟು, ಕೆರೆಯನ್ನು ಯಾದೃಚ್ಛಿಕ ಪರಿಣಾಮವಾಗಿಟ್ಟು ಸಂಖ್ಯಾಶಾಸ್ತ್ರದ ‘ಮಿಕ್ಸೆಡ್ ಮಾಡೆಲ್’ ಕಟ್ಟಿ.

ಇನ್ನೊಂದು ಬಲೆ: ಮಳೆ. 2021ರ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವಿಪರೀತ ಮಳೆ ಬಿದ್ದು ಯೋಜನೆಯ ನೀರು ಕಾಣದ ಕೆರೆಗಳೂ ತುಂಬಿದವು. 2022 ಕೂಡ ಒಳ್ಳೆ ಮಳೆಯ ವರ್ಷ, 2023 ಬರ. ‘ಯೋಜನೆಯಿಂದ ಬೋರ್‌ವೆಲ್ ಮಟ್ಟ ಏರಿತು’ ಎನ್ನಬೇಕಾದರೆ ಹೋಲಿಕೆಯ ಕೆರೆಗಳ ಸುತ್ತಲೂ ಏರಿತೇ ಎಂಬುದು ನಿಮ್ಮ ಬಳಿ ಇರಬೇಕು. 2018ಕ್ಕೆ ಹಿಂದಿನ ಮಟ್ಟಗಳಿಗೆ ರಾಜ್ಯ ಅಂತರ್ಜಲ ನಿರ್ದೇಶನಾಲಯದ ವೀಕ್ಷಣಾ ಬಾವಿಗಳ ದಾಖಲೆ ನೋಡಿ. ಕೇಂದ್ರ ಅಂತರ್ಜಲ ಮಂಡಳಿಯದು ವರ್ಷಕ್ಕೆ ನಾಲ್ಕು ಅಳತೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ. ಯಾವ ಕೆರೆಗೆ ಯಾವ ತಿಂಗಳು ಎಷ್ಟು ನೀರು ಬಿಟ್ಟರು ಎಂಬುದು ಸಣ್ಣ ನೀರಾವರಿ ಇಲಾಖೆಯ ಬಳಿ. ಪತ್ರಕ್ಕೆ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ, 30 ದಿನದ ಗಡುವು ಇದೆ. ನೋಂದಣಿಯಾದ ವಾರವೇ ಹಾಕಿ. ಯಾವ ಕೆರೆಯಲ್ಲಿ ಯಾವಾಗ ಹೂಳೆತ್ತಿದರು ಎಂಬುದನ್ನೂ ಅದರಲ್ಲೇ ಕೇಳಿ, ಇಲ್ಲದಿದ್ದರೆ ಇಂಗುವಿಕೆಯ ಲೆಕ್ಕವೆಲ್ಲ ಅಡ್ಡಾದಿಡ್ಡಿ.

ನೀಲಿಬಣ್ಣ880

ವಿನ್ಯಾಸ ಸರಿ. ಆದರೆ ಮಾದರಿ ಹಾಳಾಗುವುದು ಬಾಟಲಿಯಲ್ಲಿ.

ಕರಗಿದ ಆಮ್ಲಜನಕವನ್ನು ಕೆರೆ ಏರಿಯ ಮೇಲೆಯೇ ಕಟ್ಟಿಹಾಕಬೇಕು. 300 ಮಿ.ಲೀ. ಬಿಒಡಿ (ಜೈವಿಕ ಆಮ್ಲಜನಕ ಬೇಡಿಕೆ) ಬಾಟಲಿಗೆ ಗುಳ್ಳೆ ಬಾರದಂತೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ 1 ಮಿ.ಲೀ., ಆಲ್ಕಲಿ-ಅಯೋಡೈಡ್-ಅಜೈಡ್ 1 ಮಿ.ಲೀ. ಪಿಪೆಟ್ ತುದಿ ನೀರಿನೊಳಗಿರಲಿ. ಗಸಿ ಇಳಿದ ಮೇಲೆ ಸಲ್ಫ್ಯೂರಿಕ್ ಆಮ್ಲ 1 ಮಿ.ಲೀ. ಟೈಟ್ರೇಶನ್‌ಗೆ 201 ಮಿ.ಲೀ. ತೆಗೆದುಕೊಳ್ಳುವುದು ಏಕೆಂದರೆ ಮೊದಲಿನ 2 ಮಿ.ಲೀ. ರಾಸಾಯನಿಕ ಅಷ್ಟು ನೀರನ್ನು ಹೊರದಬ್ಬಿರುತ್ತದೆ. 0.025 ಮೋಲಾರ್ ಥಯೋಸಲ್ಫೇಟ್ ಆದರೆ ಖರ್ಚಾದ 1 ಮಿ.ಲೀ.ಗೆ ಲೀಟರಿಗೆ 1 ಮಿ.ಗ್ರಾಂ. ಥಯೋಸಲ್ಫೇಟಿನ ಬಲವನ್ನು ಪ್ರತಿ ಸುತ್ತಿಗೂ ಹೊಸದಾಗಿ ನೋಡಿ.

ಇದಕ್ಕಿಂತ ದೊಡ್ಡ ತಪ್ಪು ಗಡಿಯಾರದ್ದು. ಪಾಚಿಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ 2 ಗಂಟೆಗೆ ಆಮ್ಲಜನಕ ಸಂತೃಪ್ತಿ ಮೀರಿರುತ್ತದೆ, ಬೆಳಗಿನ ಜಾವ ನೆಲಕಚ್ಚಿರುತ್ತದೆ. ಒಂದು ಕೆರೆಗೆ ಬೆಳಿಗ್ಗೆ 9ಕ್ಕೆ, ಇನ್ನೊಂದಕ್ಕೆ 3ಕ್ಕೆ ಹೋಗಿ ‘ಎರಡನೆಯದು ಶುದ್ಧ’ ಎಂದರೆ ಅದು ಕೆರೆಯ ಗುಣವಲ್ಲ, ನಿಮ್ಮ ಗಾಡಿಯ ವೇಳಾಪಟ್ಟಿ. ಪ್ರತಿ ಕೆರೆಗೆ ಪ್ರತಿ ಸುತ್ತಿನಲ್ಲೂ ಅದೇ ಗಂಟೆ ಕಾಯ್ದುಕೊಳ್ಳಿ. ಎರಡು ಮೂರು ಕೆರೆಯಲ್ಲಾದರೂ ತಾನೇ ಅಳೆದು ದಾಖಲಿಸುವ ಲಾಗರ್ 24 ತಾಸು ಇಳಿಬಿಡಿ.

ರಂಜಕಕ್ಕೆ ಆಸ್ಕಾರ್ಬಿಕ್ ಆಮ್ಲ ವಿಧಾನ, 880 ನ್ಯಾನೊಮೀಟರ್. ನಿಮ್ಮ ಸ್ಪೆಕ್ಟ್ರೋ ಅಲ್ಲಿಯವರೆಗೆ ಹೋಗುತ್ತದೆಯೇ ಮೊದಲು ನೋಡಿಕೊಳ್ಳಿ. ರಾಸಾಯನಿಕ ಬೆರೆಸಿದ 10ರಿಂದ 30 ನಿಮಿಷದೊಳಗೆ ಓದಿ. ಕರಗಿದ ರಂಜಕದ ಮಾದರಿಯನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಕೆರೆಯ ಬಳಿಯೇ ಸೋಸಿ. ಒಟ್ಟು ರಂಜಕಕ್ಕೆ ಸೋಸದ ನೀರು, ಪರ್‌ಸಲ್ಫೇಟ್ ಪಚನ. ಬಾಟಲಿಗಳನ್ನು ಸೋಪಿನ ಪುಡಿಯಲ್ಲಿ ತೊಳೆದರೆ ಬ್ಲ್ಯಾಂಕ್‌ನಲ್ಲೇ (ಮಾದರಿಯಿಲ್ಲದ ಬರಿ ಡಿಸ್ಟಿಲ್ಡ್ ವಾಟರ್ ಪರೀಕ್ಷೆ) ನೀಲಿ ಬರುತ್ತದೆ. ನೂರಕ್ಕೆ ಹತ್ತರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಹಲವು ಸಲ ಜಾಲಾಡಿಸಿ.

ನೈಟ್ರೇಟ್‌ಗೆ 220 ನ್ಯಾನೊಮೀಟರ್ ವಿಧಾನ ಸುಲಭವೆಂದು ಹಿಡಿಯಬೇಡಿ. ಕೊಳಚೆಯಿಂದ ಬಂದ ಸಾವಯವ ವಸ್ತುವೂ ಅಲ್ಲೇ ಬೆಳಕು ಹೀರುತ್ತದೆ. 275ರ ತಿದ್ದುಪಡಿ 220ರ ಓದಿನ ನೂರಕ್ಕೆ ಹತ್ತನ್ನು ದಾಟಿದರೆ ಆ ವಿಧಾನವನ್ನೇ ಕೈಬಿಡಬೇಕು. ಈ ಕೆರೆಗಳಲ್ಲಿ ದಾಟುವ ಸಾಧ್ಯತೆ ಹೆಚ್ಚು. ಬದಲಿಗೆ ಕ್ಯಾಡ್ಮಿಯಂ ಅಪಕರ್ಷಣೆ ವಿಧಾನ ಹಿಡಿಯಿರಿ ಅಥವಾ ಹೊರಗಿನ ಲ್ಯಾಬ್‌ನಲ್ಲಿ ಅಯಾನ್ ಕ್ರೊಮೆಟೊಗ್ರಫಿ ಮಾಡಿಸಿ. ಮಾದರಿ 4 ಡಿಗ್ರಿಯಲ್ಲಿ 48 ಗಂಟೆ ಮಾತ್ರ. ಅಂದರೆ ನಾಲ್ಕು ದಿನ ಹಳ್ಳಿಯಲ್ಲೇ ಉಳಿದು ಒಟ್ಟಿಗೆ ತರುವ ಯೋಚನೆ ಬಿಡಿ, ದಿನದಿನದ ಮಾದರಿ ಅಂದೇ ಲ್ಯಾಬ್ ಸೇರಲಿ.

ಬಿಒಡಿ ವರದಿಯಲ್ಲಿ 27 ಡಿಗ್ರಿ 3 ದಿನವೋ, 20 ಡಿಗ್ರಿ 5 ದಿನವೋ ಬರೆಯಿರಿ. ಬರೆಯದೆ ಹೋಲಿಸಿದ ಪ್ರಬಂಧಗಳಿಗೆ ಬರವಿಲ್ಲ.

ಬಯಲುಸೀಮೆ

ಧನ್ಯವಾದ. ಎರಡು ಅನುಮಾನ. ಕೆರೆಯ ನೀರೇ ಬೋರ್‌ವೆಲ್‌ಗೆ ಇಳಿದಿದೆ ಎಂದು ತೋರಿಸಲು ಕ್ಲೋರೈಡ್ ಮತ್ತು ನೈಟ್ರೇಟ್ ಸಾಕೇ? ಸೂಚ್ಯಂಕ ಬೇಡವೇ ಬೇಡವೇ?

ಕಲ್ಲುಬಿರುಕು

ಸಾಲದು. ಕ್ಲೋರೈಡ್ ಕೊಳಚೆಯಿಂದಲೂ ಏರುತ್ತದೆ, ಆವಿಯಾದರೂ ಏರುತ್ತದೆ, ಆಳದ ಬಿರುಕಿನ ಹಳೆಯ ನೀರಿನಲ್ಲೂ ಇರುತ್ತದೆ. ನೈಟ್ರೇಟ್ ತಿಪ್ಪೆಯದು, ಶೌಚದ ಗುಂಡಿಯದು, ಯೂರಿಯಾದ್ದು ಯಾವುದೂ ಆಗಬಹುದು. ಸಾರಜನಕ-15 (ಸಾರಜನಕದ ಭಾರದ ಐಸೊಟೋಪ್) ಪರೀಕ್ಷೆ ಮಾಡಿಸಿದರೂ ಸಗಣಿ ಗೊಬ್ಬರ ಮತ್ತು ಮನುಷ್ಯರ ಕೊಳಚೆ ಒಂದೇ ವ್ಯಾಪ್ತಿಗೆ ಬೀಳುತ್ತವೆ.

ನೀರಿನ ಅಣುವಿನಲ್ಲೇ ಇರುವ ಭಾರದ ಐಸೊಟೋಪ್‌ಗಳಾದ ಆಮ್ಲಜನಕ-18, ಡ್ಯೂಟೀರಿಯಂ ಅಳತೆ ಸೇರಿಸಿ, ಒಂದರ ಎದುರು ಇನ್ನೊಂದನ್ನು ಗ್ರಾಫ್‌ಗೆ ಹಾಕಿ. ಕೆರೆಯಲ್ಲಿ ಆವಿಯಾದ ನೀರು ಮಳೆಯ ರೇಖೆ ಬಿಟ್ಟು ಕಡಿಮೆ ಇಳಿಜಾರಿನ ಗೆರೆಗೆ ಸರಿಯುತ್ತದೆ. ಮಳೆಯದು 8ರ ಆಸುಪಾಸು, ಇದು 4ರಿಂದ 6. ಬಾಟಲಿ ಅಂಚಿನವರೆಗೆ, ಗುಳ್ಳೆಯಿಲ್ಲದೆ ತುಂಬಿ ಬಿಗಿಯಾಗಿ ಮುಚ್ಚಿದರೆ ಆಯಿತು, ಆಮ್ಲ ಬೇಡ. ಆದರೆ ಮೂರು ಎಚ್ಚರ. ಪೈಪಿನಲ್ಲಿ ಬರುವ ನೀರಿನಲ್ಲಿ ಕಾವೇರಿಯದು ಸೇರಿದೆ, ಅದು ಜಲಾಶಯದಲ್ಲೇ ಆವಿಯಾಗಿ ಬಂದಿರುತ್ತದೆ. ಆದ್ದರಿಂದ ಪೈಪಿನ ಬಾಯಲ್ಲೇ ಪ್ರತಿ ಸುತ್ತೂ ಅಳೆಯಿರಿ. ಕೋಲಾರಕ್ಕೆ ನೈಋತ್ಯ, ಈಶಾನ್ಯ ಎರಡೂ ಮುಂಗಾರು-ಹಿಂಗಾರಿನ ಮಳೆ ಬೀಳುತ್ತದೆ, ಎರಡರ ಗುರುತು ಬೇರೆ. ತಿಂಗಳ ಮಳೆನೀರನ್ನು ಆವಿಯಾಗದ ಸಂಗ್ರಾಹಕದಲ್ಲಿ ಹಿಡಿಯಿರಿ. ಅಚ್ಚುಕಟ್ಟಿನ ಗದ್ದೆಯಿಂದ ಇಂಗುವ ನೀರೂ ಆವಿಯಾದದ್ದೇ, ಹಾಗಾಗಿ ಏರಿಯ ಕೆಳಗಿನ ಬಾವಿಗಳಷ್ಟನ್ನೇ ನಂಬಬೇಡಿ, ಪಕ್ಕದ ದಿಣ್ಣೆಯವನ್ನೂ ಹಿಡಿಯಿರಿ. ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ ಆಯ್ದ 15-20 ಮಾದರಿಗೆ ಕಾರ್ಬಮಾಝೆಪಿನ್ ನೋಡಿಸಿ. ಮೂರ್ಛೆರೋಗದ ಈ ಮಾತ್ರೆ ಸಂಸ್ಕರಣಾ ಘಟಕದಲ್ಲಿ ಹೆಚ್ಚು ವಿಘಟನೆಯಾಗದೆ ದಾಟಿಬರುತ್ತದೆ, ತಿಪ್ಪೆಯಲ್ಲಿ ಇರುವುದಿಲ್ಲ.

ಬೋರ್‌ವೆಲ್ ನೀರನ್ನು ತೊಟ್ಟಿಯಿಂದ ಹಿಡಿಯಬೇಡಿ. ಪಂಪ್ ಓಡಿಸಿ, ವಾಹಕತೆ, ಪಿಎಚ್, ಉಷ್ಣತೆ ಮೂರು ಸಲ ಒಂದೇ ಬಂದ ಮೇಲೆ ಪೈಪಿನ ಬಾಯಿಂದ. ಬಾವಿಯ ಆಳ, ಕೇಸಿಂಗ್ ಎಲ್ಲಿಯವರೆಗೆ ಎಂಬುದನ್ನು ರೈತರಿಂದ ಕೇಳಿ ಬರೆದಿಡಿ. ಆಳ ಗೊತ್ತಿಲ್ಲದ ಬೋರ್‌ವೆಲ್ ಮಾದರಿಗೆ ಅರ್ಥವಿಲ್ಲ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿ. ಧನ-ಋಣ ಅಯಾನುಗಳ ಮೊತ್ತದ ವ್ಯತ್ಯಾಸ ಶೇ. 5ರೊಳಗೆ ಬರದಿದ್ದರೆ ಮತ್ತೆ ಅಳೆಯಿರಿ.

ಸೂಚ್ಯಂಕ? ಹತ್ತು ಅಂಶಗಳನ್ನು ಅರೆದು ಒಂದು ಅಂಕಿ ಮಾಡಿದರೆ ಅಮೋನಿಯ ಏರಿದ್ದೋ ಗಡಸುತನ ಏರಿದ್ದೋ ಗೊತ್ತಾಗದು. ತೂಕ ಬದಲಿಸಿದರೆ ಕೆರೆಯ ದರ್ಜೆಯೇ ಬದಲಾಗುತ್ತದೆ. ಅನುಬಂಧಕ್ಕೆ ಹಾಕಿ, ಮಾರ್ಗದರ್ಶಕರಿಗೂ ಸಮಾಧಾನ.

ಕೋಡಿಹರಿವು

ನಿಯಮದ ಬಗ್ಗೆ ಚಿಕ್ಕದಾಗಿ. ಪಿಎಚ್‌ಡಿ ಪ್ರವೇಶಕ್ಕಷ್ಟೇ ಅರ್ಹತೆ ಪಡೆದ ನಿಮ್ಮಂಥವರಿಗೆ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30, ಅಂಕ ಒಂದು ವರ್ಷ ಮಾತ್ರ ಊರ್ಜಿತ. ಜೆಆರ್‌ಎಫ್ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ. ವಯಸ್ಸು ಇದ್ದರೆ ಮುಂದಿನ ಸಲ ಮತ್ತೆ ಬರೆಯಿರಿ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 3, ಗರಿಷ್ಠ 6 ವರ್ಷ, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಪ್ರಬಂಧ ಪ್ರಕಟಣೆಯ ಕಡ್ಡಾಯವನ್ನು ಆ ನಿಯಮ ತೆಗೆದಿದೆ, ಆದರೆ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿರಬಹುದು, ಸುತ್ತೋಲೆ ಓದಿ. ಕೋರ್ಸ್‌ವರ್ಕ್ ನಡೆಯುವಾಗಲೇ 2 ಕೆರೆಯಲ್ಲಿ ಒಂದು ಪ್ರಾಯೋಗಿಕ ಸುತ್ತು ಮುಗಿಸಿ. ಯಾವ ಬಾಟಲಿ ಸಾಲದು, ಯಾವ ಏರಿಗೆ ಗಾಡಿ ಹೋಗದು ಎಂಬುದು ಆಗಲೇ ತಿಳಿಯುತ್ತದೆ.