ಮಕ್ಕಳು ಮಲಗಿದ ಮೇಲೆ ಎರಡು ಗ್ಲಾಸ್: ಮನೋವೈದ್ಯರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡ ಅಂದ ಸದಸ್ಯೆ):
ನಮಸ್ಕಾರ ಡಾಕ್ಟರೇ. ನನಗೆ ಇಬ್ಬರು ಮಕ್ಕಳು, ಏಳು ವರ್ಷ, ಮೂರು ವರ್ಷ. ಕೆಲಸಕ್ಕೂ ಹೋಗುತ್ತೇನೆ. ರಾತ್ರಿ ಮಕ್ಕಳು ಮಲಗಿದ ಮೇಲೆ ವೈನ್ ಕುಡಿಯುತ್ತೇನೆ. ಮೊದಲು ವಾರಕ್ಕೊಮ್ಮೆ ಇತ್ತು, ಈಗ ಒಂದು ವರ್ಷದಿಂದ ದಿನಾ ಎರಡು ಗ್ಲಾಸ್. ಆಮೇಲೆ ಗ್ಲಾಸ್ ತೊಳೆದು, ಒರೆಸಿ, ಇದ್ದ ಜಾಗದಲ್ಲೇ ಇಟ್ಟು, ಹಲ್ಲುಜ್ಜಿ ಮಲಗುತ್ತೇನೆ. ಮೊನ್ನೆ ದೊಡ್ಡವಳು ನಿದ್ದೆಗಣ್ಣಲ್ಲಿ "ಅಮ್ಮಾ, ನೀನು ಯಾಕೆ ರಾತ್ರಿ ಎರಡೆರಡು ಸಲ ಹಲ್ಲುಜ್ಜುತ್ತೀಯ?" ಅಂದಳು. ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಾನು ಕುಡುಕಿ ಆಗಿಬಿಟ್ಟೆನಾ? ನಿಜ ಹೇಳಬೇಕಂದ್ರೆ, ಇಡೀ ದಿನದಲ್ಲಿ ನನ್ನದು ಅಂತ ಇರೋದು ಆ ಅರ್ಧ ಗಂಟೆ ಒಂದೇ.

ಉತ್ತರ:
ನಿಮ್ಮ ಕೊನೆಯ ಮಾತು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ನಿಮಗೆ ಬೇಕಾಗಿರೋದು ಆ ಅರ್ಧ ಗಂಟೆ. ವೈನ್ ಅದರೊಳಗೆ ಬಂದು ಕೂತಿದೆ. "ಬಿಟ್ಟುಬಿಡಿ" ಅಂತ ಯಾರಾದರೂ ಹೇಳಿದರೆ ಅರ್ಧ ಗಂಟೆಯನ್ನೂ ಕಿತ್ತುಕೊಂಡ ಹಾಗೆ ಅನ್ನಿಸುತ್ತೆ, ಅಲ್ವಾ? ಅದು ನಿಮಗೇ ಇರಲಿ. ವೈನ್ ಮಾತ್ರ ಹೊರಗೆ ಹೋಗಲಿ.

"ಕುಡುಕಿ" ಅನ್ನೋ ಪದ ಪಕ್ಕಕ್ಕಿಡಿ. ಆ ಪದಕ್ಕೆ ಹೆದರಿಯೇ ಎಷ್ಟೋ ತಾಯಂದಿರು ವರ್ಷಗಟ್ಟಲೆ ಬಾಯಿ ಬಿಡೋದಿಲ್ಲ. ನಾವು ಡಾಕ್ಟರುಗಳು ಕೇಳೋದು ಬೇರೆ. ಎಷ್ಟು ಕುಡಿಯುತ್ತೀರಿ, ವಾರಕ್ಕೆ ಎಷ್ಟು ದಿನ, ಶುರು ಮಾಡಿದ ಮೇಲೆ ನಿಲ್ಲಿಸೋಕೆ ಆಗುತ್ತಾ. ವಿಶ್ವ ಆರೋಗ್ಯ ಸಂಸ್ಥೆಯ "ಆಡಿಟ್" ಅನ್ನೋ ಹತ್ತು ಪ್ರಶ್ನೆಗಳ ಪಟ್ಟಿಯೂ ಇಂಥದ್ದನ್ನೇ ಕೇಳುತ್ತೆ.

ಈಗ ಎರಡು ಕೆಲಸ ಮಾಡಿ. ನಿಮ್ಮ ಗ್ಲಾಸಿಗೆ ಎಂದಿನಷ್ಟೇ ನೀರು ತುಂಬಿ, ಮಗುವಿನ ಹಳೆಯ ಹಾಲಿನ ಬಾಟಲಿಗೆ ಸುರಿದು ಮಿಲಿ ಗುರುತು ನೋಡಿ. ಆಮೇಲೆ ಇದನ್ನ ತಿಳಿಸಿ: ಬೆಳಿಗ್ಗೆ ಕೈ ನಡುಗುತ್ತಾ? ಸುಮ್ನೆ ಬೆವರುತ್ತೀರಾ? ಹಾಗಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನ ನೋಡಿ.

ಅದೇ ಸದಸ್ಯೆ:
ಅಳೆದೆ. ಒಂದು ಗ್ಲಾಸಿಗೆ 240 ಮಿಲಿ! ನಡುಕ, ಬೆವರು ಇಲ್ಲ. ಆದರೆ ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಎದೆ ಡವಡವ ಅನ್ನುತ್ತೆ. ಬೆಳಿಗ್ಗೆ ಮಕ್ಕಳ ಮೇಲೆ ರೇಗುತ್ತೇನೆ. ಸಂಜೆ ಹೊತ್ತಿಗೆ ಮತ್ತೆ ಬೇಕು ಅನ್ನಿಸುತ್ತೆ.

ಉತ್ತರ:
ಹಾಗಾದರೆ ದಿನಾ 480 ಮಿಲಿ, ಅರ್ಧ ಬಾಟಲಿಗಿಂತ ಜಾಸ್ತಿ. ಸಾಮಾನ್ಯ ವೈನ್‌ನಲ್ಲಿ ಶೇಕಡಾ 12ರ ಆಸುಪಾಸು ಆಲ್ಕೋಹಾಲ್ ಇರುತ್ತೆ. ಅಂದರೆ ಸುಮಾರು 45 ಗ್ರಾಂ. ಹೆಂಗಸರ ಮೈಯಲ್ಲಿ ನೀರಿನಂಶ ಗಂಡಸರಿಗಿಂತ ಕಮ್ಮಿ, ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಮಟ್ಟ ಜಾಸ್ತಿ ಏರುತ್ತೆ. ಸ್ತನ ಕ್ಯಾನ್ಸರಿನ ಅಪಾಯ ಕಡಿಮೆ ಕುಡಿತದಲ್ಲೂ ಸ್ವಲ್ಪ ಏರುತ್ತೆ. ಹೆದರಿಸೋಕೆ ಹೇಳುತ್ತಿಲ್ಲ, ನಿಮಗೆ ಗೊತ್ತಿರಲಿ ಅಂತ.

ಇನ್ನು ಆ ಮೂರು ಗಂಟೆಯ ಎಚ್ಚರ. ಆಲ್ಕೋಹಾಲ್ ಮೆದುಳನ್ನ ಮಂಕು ಮಾಡುತ್ತೆ, ಅದಕ್ಕೇ ಹಾಯ್ ಅನ್ನಿಸೋದು, ಬೇಗ ನಿದ್ದೆ ಹತ್ತೋದು. ಮೆದುಳು ಸುಮ್ಮನಿರೋದಿಲ್ಲ. ತನ್ನನ್ನ ಎಚ್ಚರವಾಗಿಡೋ ಕಡೆಯನ್ನ ಜೋರು ಮಾಡಿಕೊಳ್ಳುತ್ತೆ. ನಡುರಾತ್ರಿ ದಾಟಿ ಆಲ್ಕೋಹಾಲ್ ಇಳಿದುಹೋದರೂ ಆ ಜೋರು ಇಳಿದಿರೋದಿಲ್ಲ. ಅದೇ ಎದೆಬಡಿತ, ಅದೇ ಎಚ್ಚರ. ನಿದ್ದೆ ಕೆಟ್ಟವರಿಗೆ ಬೆಳಿಗ್ಗೆ ತಾಳ್ಮೆ ಎಲ್ಲಿಂದ ಬರಬೇಕು? ಮಕ್ಕಳ ಮೇಲೆ ರೇಗಿದ್ದಕ್ಕೆ ಬೇಜಾರು, ಬೇಜಾರಿಗೆ ಸಂಜೆ ಮತ್ತೆ ಗ್ಲಾಸ್. ನೀವು ಕೆಟ್ಟ ತಾಯಿ ಅಲ್ಲ. ಒಂದು ವರ್ಷದಿಂದ ಸರಿಯಾಗಿ ನಿದ್ದೆ ಮಾಡದ ತಾಯಿ.

ಸಂಜೆಯ ಆ ಆಸೆ ಅಲೆ ಇದ್ದ ಹಾಗೆ, ಏರಿ ಇಳಿಯುತ್ತೆ. ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ನಿಮಿಷ ಅಷ್ಟೇ. ಹಸಿದಾಗ ಜೋರು, ಹಾಗಾಗಿ ಮಕ್ಕಳ ಜೊತೆಗೇ ಊಟ ಮುಗಿಸಿ. ಮನೆಯಲ್ಲಿ ಬಾಟಲಿ ಇಡಬೇಡಿ. ಮಕ್ಕಳು ಮಲಗಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಎಂದಿನ ಕುರ್ಚಿ ಬಿಟ್ಟು ಬೇರೆ ಕಡೆ ಕೂತುಕೊಳ್ಳಿ. ಆ ಕುರ್ಚಿ, ಆ ಹೊತ್ತು, ಆ ಗ್ಲಾಸ್ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಾಲ್ಕು ಎಣಿಸುತ್ತಾ ಉಸಿರು ತಗೊಳ್ಳಿ, ಆರು ಎಣಿಸುತ್ತಾ ಬಿಡಿ. ಐದು ನಿಮಿಷ. ಉಸಿರು ಬಿಡೋದು ನಿಧಾನವಾದಾಗ ಎದೆಬಡಿತವೂ ಇಳಿಯುತ್ತೆ.

ಆದರೆ ಇದಿಷ್ಟೇ ಹೇಳಿ ಕೈ ತೊಳೆದುಕೊಂಡರೆ ನಿಮಗೆ ಅನ್ಯಾಯ. ಹೊರೆ ಇಳಿಯದೆ ಬರೀ ಉಸಿರಾಟದಿಂದ ಏನೂ ಆಗೋದಿಲ್ಲ. ಸಂಜೆಯ ಯಾವ ಕೆಲಸವನ್ನ ಬೇರೆಯವರು ಹೊರಬಹುದು ಅಂತ ಬರೆದುಕೊಳ್ಳಿ. ಒಂದೇ ಸಾಕು. ಮಕ್ಕಳನ್ನ ಮಲಗಿಸೋ ಕೆಲಸ ವಾರಕ್ಕೆ ಮೂರು ದಿನ ಬೇರೆಯವರ ಕೈಗೆ ಹೋದರೆ, ನಿಮ್ಮ ಹೊತ್ತು ಒಂದು ಗಂಟೆ ಮುಂಚೆ ಶುರುವಾಗುತ್ತೆ. ಆಗ ಹೊರಗೆ ನಡೆಯಬಹುದು, ಗೆಳತಿಗೆ ಫೋನ್ ಮಾಡಬಹುದು.

ಶುರುವಿನ ಕೆಲವು ರಾತ್ರಿ ನಿದ್ದೆ ಬೇಗ ಬರೋದಿಲ್ಲ. ಆಮೇಲೆ ಸುಧಾರಿಸುತ್ತೆ. ಬಿಟ್ಟು ಎರಡು ಮೂರು ವಾರ ಆದರೂ ಮನಸ್ಸು ಮಂಕಾಗೇ ಇದ್ದರೆ ಖಿನ್ನತೆ ಇದೆಯಾ ಅಂತ ನೋಡಬೇಕು, ಆಗ ಡಾಕ್ಟರ ಹತ್ತಿರ ಹೋಗಿ.

ಇನ್ನೊಬ್ಬ ಸದಸ್ಯೆ:
ಮೇಡಂ, ನನ್ನ ಮಗುವಿಗೆ ಐದು ತಿಂಗಳು, ಎದೆಹಾಲು ಕುಡಿಯುತ್ತೆ. ಕುಡಿದ ಮೇಲೆ ಹಾಲು ಹಿಂಡಿ ಚೆಲ್ಲಿದರೆ ಸರಿಹೋಗುತ್ತೆ ಅಂತಾರೆ, ನಿಜಾನಾ?

ಉತ್ತರ:
ಅಲ್ಲ. ರಕ್ತದಲ್ಲಿ ಇರುವ ತನಕ ಹಾಲಿನಲ್ಲೂ ಇರುತ್ತೆ. ಹಿಂಡಿದರೆ ಬೇಗ ಹೋಗೋದಿಲ್ಲ, ಹೊತ್ತು ಕಳೆಯಬೇಕು. 150 ಮಿಲಿ ವೈನ್ ಕುಡಿದರೆ ಕನಿಷ್ಠ ಎರಡು ಗಂಟೆ, ಅದರ ಎರಡರಷ್ಟು ಕುಡಿದರೆ ನಾಲ್ಕು ಗಂಟೆ. ಹಾಲುಣಿಸುವ ತನಕ ಕುಡಿಯದಿರೋದೇ ಒಳ್ಳೆಯದು. ಇನ್ನೊಂದು ಮಾತು, ದಯವಿಟ್ಟು ನೆನಪಿಡಿ: ಕುಡಿದ ರಾತ್ರಿ ಮಗುವನ್ನ ನಿಮ್ಮ ಹಾಸಿಗೆಯಲ್ಲಿ ಮಲಗಿಸಿಕೊಳ್ಳಬೇಡಿ, ಸೋಫಾ ಮೇಲಂತೂ ಬೇಡವೇ ಬೇಡ. ಮಗು ಮೈಯಡಿ ಸಿಕ್ಕಿಕೊಂಡರೂ ನಿಮಗೆ ಎಚ್ಚರ ಆಗದೆ ಹೋಗಬಹುದು.

ಮತ್ತೊಬ್ಬ ಸದಸ್ಯ:
ನನ್ನ ಅಕ್ಕ ಬೆಳಿಗ್ಗೆಯೇ ಶುರು ಮಾಡುತ್ತಾಳೆ. ಬಾಟಲಿ ಎಲ್ಲಾ ಎಸೆದುಬಿಡಲಾ?

ಉತ್ತರ:
ಬೇಡ ಸರ್. ಬೆಳಿಗ್ಗೆ ಕುಡಿಯದೆ ಇರೋಕಾಗದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಕೆಲವೇ ಗಂಟೆಗಳಲ್ಲಿ ನಡುಕ ಶುರು, ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಭ್ರಮೆ ಹತ್ತಬಹುದು. ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಈ ಹಂತ ದಾಟಿಸೋಕೆ ಔಷಧ ಇದೆ, ಆಮೇಲೆ ಕುಡಿಯೋ ಆಸೆ ಇಳಿಸೋಕೆ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳೂ ಇವೆ. ನಿದ್ದೆ ಮಾತ್ರೆ ಮಾತ್ರ ನೀವಾಗೇ ಕೊಡಬೇಡಿ, ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಮೊದಲ ಸದಸ್ಯೆ:
ಡಾಕ್ಟರೇ, ನಾಲ್ಕು ದಿನ ಆಯ್ತು, ಕುಡಿದಿಲ್ಲ. ಮಲಗಿಸೋ ಕೆಲಸ ನನ್ನ ಯಜಮಾನರಿಗೆ ಕೊಡಬೇಕು. ಆದರೆ ಅವರಿಗೆ ವಿಷಯವೇ ಗೊತ್ತಿಲ್ಲ. ಹೇಗೆ ಹೇಳಲಿ?

ಉತ್ತರ:
ನಾಲ್ಕು ದಿನ! ಓದಿ ನಿಜವಾಗಲೂ ಖುಷಿ ಆಯ್ತು. ರಾತ್ರಿ ಸುಸ್ತಾದಾಗ ಹೇಳಬೇಡಿ. ರಜೆಯ ದಿನ, ಮಕ್ಕಳು ಆಟಕ್ಕೆ ಹೋದಾಗ ಕೂರಿಸಿಕೊಂಡು ಹೇಳಿ. "ಒಂದು ವರ್ಷದಿಂದ ರಾತ್ರಿ ವೈನ್ ಕುಡೀತಿದ್ದೆ. ನಾಲ್ಕು ದಿನದಿಂದ ನಿಲ್ಲಿಸಿದ್ದೀನಿ. ಸೋಮವಾರ, ಬುಧವಾರ, ಶುಕ್ರವಾರ ಮಕ್ಕಳನ್ನ ನೀವು ಮಲಗಿಸಬೇಕು." ಇಷ್ಟೇ ಸಾಕು. ಮೊದಲು ಅವರಿಗೆ ಸಿಟ್ಟು ಬರಬಹುದು, ತಪ್ಪು ನನ್ನದೇನೋ ಅಂತ ಬೇಸರವೂ ಆಗಬಹುದು. ಅವತ್ತೇ ಎಲ್ಲಾ ಇತ್ಯರ್ಥ ಆಗಬೇಕು ಅಂತ ಕೂರಬೇಡಿ. ವಾರ ಬಿಟ್ಟು ಇಲ್ಲೇ ಬರೆಯಿರಿ, ನಡುವೆ ಒಂದು ದಿನ ಕುಡಿದಿದ್ದರೂ ಬರೆಯಿರಿ.