ತರಗತಿಯ ಜಾಲಪುಟ: ಕೊಂಡಿ ಎಲ್ಲರಿಗೂ ತಲುಪುತ್ತದೆ, ಪಾಠ ಓದುವವರು ಕೆಲವರೇ. ಏನು ಬದಲಿಸಬೇಕು?

ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ವರ್ಷ ಹತ್ತನೆಯ ತರಗತಿಗಾಗಿ ಗೂಗಲ್ ಸೈಟ್ಸ್‌ನಲ್ಲಿ ಒಂದು ಜಾಲಪುಟ ಮಾಡಿದ್ದೇನೆ. ಮೇಲೆ ಶಾಲೆಯ ದೊಡ್ಡ ಚಿತ್ರ, ಕೆಳಗೆ ಸ್ವಾಗತದ ಮಾತು, ಆಮೇಲೆ ಪ್ರತಿಭಾ ಕಾರಂಜಿಯ ಫೋಟೊಗಳು. ಟಿಪ್ಪಣಿಗಳ ಪಿಡಿಎಫ್ ಮತ್ತು ವಿಡಿಯೊ ಕೊಂಡಿಗಳು ಬೇರೆ ಪುಟದಲ್ಲಿವೆ, ಮೆನುವಿನಿಂದ ಹೋಗಬೇಕು. ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ ಎಲ್ಲರೂ ಕೈಮುಗಿಯುವ ಚಿಹ್ನೆ ಹಾಕುತ್ತಾರೆ. ಮರುದಿನ ಕೇಳಿದರೆ ಓದಿಕೊಂಡು ಬಂದವರು ಬೆರಳೆಣಿಕೆಯಷ್ಟು. ಬಹಳಷ್ಟು ಮನೆಗಳಲ್ಲಿ ಇರುವುದು ಅಪ್ಪನ ಒಂದೇ ಮೊಬೈಲ್. ಅದು ಮಕ್ಕಳ ಕೈಗೆ ಸಿಗುವುದು ರಾತ್ರಿ ಊಟದ ನಂತರ.

ಪುಟ ಚೆನ್ನಾಗಿದೆಯೇ ಎಂದು ಅಳೆಯುವುದು ಹೇಗೆ? ವಿನ್ಯಾಸಕ್ಕೆ ಇಷ್ಟು ಅಂಕ, ಮಾಹಿತಿಗೆ ಇಷ್ಟು ಅಂಕ ಎನ್ನುವ ಪಟ್ಟಿಗಳು ಸಿಕ್ಕಿವೆ. ಅವುಗಳ ಪ್ರಕಾರ ನನ್ನ ಪುಟ ಪಾಸಾಗುತ್ತದೆ, ಆದರೆ ಮಕ್ಕಳಿಗೆ ಉಪಯೋಗವಾಗುತ್ತಿಲ್ಲ.

ಗಣಿತ ಶಿಕ್ಷಕ, ತೀರ್ಥಹಳ್ಳಿ

ಮೇಡಂ, ಅಂಕಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮ ಪುಟಕ್ಕೆ ಪರೀಕ್ಷಕರು ಬೇರೆ ಯಾರೂ ಅಲ್ಲ, ರಾತ್ರಿ ಅಪ್ಪನ ಮೊಬೈಲ್ ಹಿಡಿದು ಕೂರುವ ಆ ಮಕ್ಕಳೇ.

ಒಬ್ಬ ಸಹೋದ್ಯೋಗಿ ತಮ್ಮ ತರಗತಿಯ ಪುಟವನ್ನು ನೋಡಿ ಹೇಳಿ ಎಂದಿದ್ದರು. ನಾನು ನೋಡುವುದರ ಬದಲು, ಅವರ ವಿದ್ಯಾರ್ಥಿನಿಯೊಬ್ಬಳ ಕೈಗೆ ಮೊಬೈಲ್ ಕೊಟ್ಟು, "ನಾಳೆಯ ತ್ರಿಕೋನಮಿತಿ ಅಭ್ಯಾಸ ಹಾಳೆಯನ್ನು ತೆಗೆದು ತೋರಿಸಮ್ಮ" ಎಂದೆ. ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ಸರಿಸುತ್ತಾ ಹೋದಳು. ಶಾಲೆಯ ಕಟ್ಟಡ ಬಂತು, ಸ್ವಾಗತ ಬಂತು, ಸುಭಾಷಿತ ಬಂತು, ಪುಟವೇ ಮುಗಿಯಿತು. ಮತ್ತೆ ಮೇಲಕ್ಕೆ ಬಂದಳು. ಹಾಳೆ ಇದ್ದದ್ದು ಮೆನುವಿನೊಳಗೆ. ಕಂಪ್ಯೂಟರ್‌ನಲ್ಲಿ ಆ ಮೆನು ಪುಟದ ತಲೆಯ ಮೇಲೆ ಉದ್ದಕ್ಕೆ ಕಾಣುತ್ತದೆ. ಮೊಬೈಲ್‌ನಲ್ಲಿ ಮೂಲೆಯ ಮೂರು ಗೆರೆಗಳ ಹಿಂದೆ ಅಡಗಿಬಿಡುತ್ತದೆ. ಆ ಗೆರೆಗಳನ್ನು ಅವಳು ಮುಟ್ಟಲೇ ಇಲ್ಲ. ಶಿಕ್ಷಕರು ಪುಟ ಕಟ್ಟುವುದು ಕಂಪ್ಯೂಟರ್‌ನಲ್ಲಿ, ಮಕ್ಕಳು ನೋಡುವುದು ಮೊಬೈಲ್‌ನಲ್ಲಿ. ನಿಮ್ಮ ತೊಂದರೆಯೂ ಮುಕ್ಕಾಲು ಪಾಲು ಇಲ್ಲೇ ಇದೆ ಎಂದು ನನ್ನ ಅನಿಸಿಕೆ. ಗೂಗಲ್ ಸೈಟ್ಸ್‌ನ ಮುನ್ನೋಟದಲ್ಲಿ ಮೊಬೈಲ್ ಗಾತ್ರವನ್ನು ಆರಿಸಿಕೊಂಡು ನೋಡುವ ಸೌಲಭ್ಯವಿದೆ. ಅದನ್ನು ನೋಡದೆ ಪ್ರಕಟಿಸಬೇಡಿ.

ಹಾಗಾಗಿ ತೆರೆದ ಕೂಡಲೇ ಕಾಣುವ ಜಾಗವನ್ನು ಈ ವಾರದ ಕೆಲಸಕ್ಕೆ ಮೀಸಲಿಡಿ: ಯಾವ ಪಾಠ ನಡೆಯುತ್ತಿದೆ, ಏನು ಓದಬೇಕು, ಏನು ಬರೆದು ತರಬೇಕು, ಯಾವ ದಿನದೊಳಗೆ. ಕಟ್ಟಡದ ಚಿತ್ರ ಕೆಳಗೆ ಹೋಗಲಿ. ಮಕ್ಕಳು ಆ ಕಟ್ಟಡವನ್ನು ದಿನಾ ನೋಡುತ್ತಾರೆ. ದಿನಾಂಕ ಇರಲೇಬೇಕು. ಕಳೆದ ತಿಂಗಳ ಘಟಕ ಪರೀಕ್ಷೆಯ ಸೂಚನೆ ಇನ್ನೂ ಮೇಲೆಯೇ ಇದ್ದರೆ ಮಕ್ಕಳು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ವಿಡಿಯೊ ಮತ್ತಿತರ ಕೊಂಡಿಗಳ ವಿಷಯ. ಬರೀ ಕೊಂಡಿ ಕೊಟ್ಟರೆ ಪ್ರಯೋಜನವಿಲ್ಲ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ (PhET) ಯೋಜನೆಯಲ್ಲಿ ಓಮ್‌ನ ನಿಯಮದ ಒಂದು ಅನುಕರಣ ಪ್ರಯೋಗ, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗವಿದೆ. ವಿಭವಾಂತರವನ್ನೂ ರೋಧವನ್ನೂ ಎಳೆದು ಹೆಚ್ಚು ಕಡಿಮೆ ಮಾಡಿದಂತೆ ಸೂತ್ರದ ಅಕ್ಷರಗಳೇ ದೊಡ್ಡದು ಚಿಕ್ಕದು ಆಗುತ್ತವೆ. ಅದರ ಕೊಂಡಿಯ ಮೇಲೆ ಹೀಗೆ ಬರೆಯಿರಿ: "ರೋಧವನ್ನು ಇಮ್ಮಡಿ ಮಾಡಿದರೆ ವಿದ್ಯುತ್ ಪ್ರವಾಹ ಏನಾಗಬಹುದು? ಮೊದಲು ಊಹಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಆಮೇಲೆ ಎಳೆದು ನೋಡಿ." ಆಗ ಮಗು ಆ ಪರದೆಯಲ್ಲಿ ಏನನ್ನೋ ಹುಡುಕುತ್ತದೆ. 1995ರಲ್ಲಿ ಸ್ಯಾನ್ ಡಿಯಾಗೊ ರಾಜ್ಯ ವಿಶ್ವವಿದ್ಯಾಲಯದ ಬರ್ನಿ ಡಾಡ್ಜ್ ಅವರು ರೂಪಿಸಿದ ವೆಬ್‌ಕ್ವೆಸ್ಟ್ ಮಾದರಿಯ ಜೀವಾಳವೂ ಇದೇ: ಮೊದಲು ಮಾಡಬೇಕಾದ ಕೆಲಸ, ಆಮೇಲೆ ಅದಕ್ಕೆ ಬೇಕಾದ ಕೊಂಡಿ.

ಅಳೆಯುವ ಬಗ್ಗೆ ಕೇಳಿದಿರಿ. ಜಾಲತಾಣಗಳನ್ನು ಬಳಸಲು ಸುಲಭವಾಗಿಸುವ ವಿಷಯದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ, ಐದು ಮಂದಿ ಬಳಸುವುದನ್ನು ಗಮನಿಸಿದರೆ ದೊಡ್ಡ ತೊಡಕುಗಳಲ್ಲಿ ಹೆಚ್ಚಿನವು ಹೊರಬೀಳುತ್ತವೆ ಎಂದು. ಐದು ಮಕ್ಕಳನ್ನು ಆರಿಸಿಕೊಳ್ಳಿ, ಜಾಣರನ್ನು ಮಾತ್ರ ಬೇಡ. ಒಂದು ಕೆಲಸ ಹೇಳಿ, ಬಾಯಿಗೆ ಬೀಗ ಹಾಕಿ ಕುಳಿತುಕೊಳ್ಳಿ. "ಅಲ್ಲಿ ಒತ್ತು" ಎಂದು ಹೇಳಿಕೊಟ್ಟ ಕ್ಷಣಕ್ಕೆ ಪರೀಕ್ಷೆ ಕೆಟ್ಟಿತು. ಎಲ್ಲಿ ಬೆರಳು ತಡೆಯುತ್ತದೋ ಅಲ್ಲಿ ತಿದ್ದಿ.

ಬೇರೆಯವರ ಜಾಲತಾಣಕ್ಕೆ ಕೊಂಡಿ ಕೊಡುವ ಮೊದಲು ಬರೆದವರು ಯಾರು, ಯಾವಾಗ ಬರೆದದ್ದು, ಪಠ್ಯಪುಸ್ತಕದೊಂದಿಗೆ ಹೊಂದುತ್ತದೆಯೇ, ನಡುವೆ ಏನನ್ನಾದರೂ ಮಾರುತ್ತಿದ್ದಾರೆಯೇ ಎಂದು ನೋಡುವುದು ಬೇರೆಯೇ ಕೆಲಸ. ಅದಕ್ಕೆ ಪಟ್ಟಿ ಬೇಕು, ಖಂಡಿತ ಬಳಸಿ.

ವಿಶೇಷ ಶಿಕ್ಷಕ, ಕಲಬುರಗಿ

ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಸೂಚನೆಯನ್ನು ಚಿತ್ರವಾಗಿ ಮಾಡಿ ಹಾಕಬೇಡಿ. ದೃಷ್ಟಿದೋಷವುಳ್ಳ ಮಕ್ಕಳ ಪರದೆ ಓದುವ ತಂತ್ರಾಂಶಕ್ಕೆ ಚಿತ್ರದೊಳಗಿನ ಅಕ್ಷರಗಳು ಸಾಮಾನ್ಯವಾಗಿ ದಕ್ಕುವುದಿಲ್ಲ. ಪಠ್ಯವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿರುವ ಟಿಪ್ಪಣಿಯನ್ನು ಪರಿವರ್ತಿಸದೆ ಹಾಗೆಯೇ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣಿಸುತ್ತದೆ. ಬಣ್ಣದ ವಿಚಾರದಲ್ಲಿ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ: ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವ್ಯತ್ಯಾಸದ ಅನುಪಾತ ಕನಿಷ್ಠ 4.5:1 ಇರಬೇಕು. ಬಿಳಿಯ ಮೇಲೆ ಹಳದಿ ಅದರ ಹತ್ತಿರಕ್ಕೂ ಬರುವುದಿಲ್ಲ. ಚಿಮಣಿ ಬೆಳಕಿನಲ್ಲಿ, ಬ್ಯಾಟರಿ ಉಳಿಸಲು ಪರದೆ ಮಂಕಾಗಿಸಿಕೊಂಡು ಓದುವ ಎಲ್ಲ ಮಕ್ಕಳಿಗೂ ಇದು ಅನ್ವಯಿಸುತ್ತದೆ.

ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ

ಇಬ್ಬರಿಗೂ ಧನ್ಯವಾದಗಳು. ಮೊಬೈಲ್ ಮುನ್ನೋಟ ನೋಡಿದೆ. ಸ್ವಾಗತದ ಮಾತೇ ಇಡೀ ಪರದೆಯನ್ನು ತುಂಬಿದೆ. ಈ ವಾರದ ಕೆಲಸವನ್ನು ಮೇಲೆ ತಂದಿದ್ದೇನೆ, ನಾಳೆ ಐದು ಮಕ್ಕಳನ್ನು ಕೂರಿಸುತ್ತೇನೆ. ಇನ್ನೊಂದು ಸಂದೇಹ: ಪ್ರತಿಭಾ ಕಾರಂಜಿಯ ಫೋಟೊಗಳನ್ನು ಏನು ಮಾಡಲಿ? ಪೋಷಕರಿಗೆ ಅವು ಇಷ್ಟ.

ಗಣಿತ ಶಿಕ್ಷಕ, ತೀರ್ಥಹಳ್ಳಿ

ತೆಗೆದುಬಿಡಿ ಮೇಡಂ. ಯಾರು ಬೇಕಾದರೂ ತೆರೆಯಬಹುದಾದ ಪುಟದಲ್ಲಿ ಮಕ್ಕಳ ಮುಖ, ಹೆಸರು, ಶಾಲೆ ಮೂರೂ ಒಟ್ಟಿಗೆ ಇರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಮಕ್ಕಳು ಮಾಡಿದ ಮಾದರಿಗಳ, ಬರೆದ ಚಿತ್ರಗಳ ಫೋಟೊ ಹಾಕಿ. ಘಟಕ ಪರೀಕ್ಷೆಯ ಅಂಕಗಳನ್ನಂತೂ ಅಲ್ಲಿ ಹಾಕಲೇಬೇಡಿ.